ಇಲ್ಲದ ಗೇಟನ್ನು ಎತ್ತುತ್ತಿದ್ದ ಕುಳ್ಳಯ್ಯ

ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ರಸ್ತೆಯಲ್ಲಿ, ಹೊಲಗಳು ಮುಗಿದು ಕುರುಚಲು ಕಾಡು ಶುರುವಾಗುವ ಕಡೆ, ಮಹಾರಾಜರ ಕಾಲದಲ್ಲಿ ಒಂದು ಸುಂಕದ ಗೇಟು ಇತ್ತು. ಗೇಟು ಅಂದರೆ ರಸ್ತೆಗೆ ಅಡ್ಡಲಾಗಿ ಇಟ್ಟ ಉದ್ದನೆಯ ಒಂದು ಹೊನ್ನೆ ಮರ. ಬುಡಕ್ಕೆ ಗುಂಡುಕಲ್ಲು ಬಿಗಿದಿತ್ತು. ತುದಿ ಆಚೆ ಬದಿಯ ಕವಲುಗೂಟದ ಮೇಲೆ ಕೂತಿರುತ್ತಿತ್ತು. ಬುಡವನ್ನು ಕೆಳಕ್ಕೆ ಒತ್ತಿದರೆ ತುದಿ ಮೇಲೇಳುತ್ತಿತ್ತು, ಸುಂಕ ಕೊಟ್ಟ ಗಾಡಿ ದಾಟಿ ಹೋಗುತ್ತಿತ್ತು. ಆ ಬುಡ ಒತ್ತುವ ಕೆಲಸ ಕಟ್ಟೆಮಳಲವಾಡಿಯ ಕುಳ್ಳಯ್ಯನದು.

ಹೆಸರಿಗೆ ಕುಳ್ಳಯ್ಯ, ಆಳು ಮಾತ್ರ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ. ಮಾತು ಕಡಿಮೆ. ಗೇಟಿನ ಪಕ್ಕದಲ್ಲೇ ಅವನ ಹೆಂಡತಿ ಚಿಕ್ಕಬೀರಮ್ಮ ಸೋಗೆ ಹೊದಿಸಿದ ಒಂದು ಹೋಟ್ಲು ಇಟ್ಟಿದ್ದಳು. ಮುದ್ದೆ, ಹುರುಳಿ ಸಾರು, ಬೇಕೆಂದವರಿಗೆ ಮಜ್ಜಿಗೆ. ನಮ್ಮ ದೊಡ್ಡಮ್ಮ ಹುಡುಗಿಯಾಗಿದ್ದಾಗ ಅಲ್ಲಿ ರಾಗಿ ಬೀಸುತ್ತಿದ್ದಳು. ನಾನು ಈಗ ಹೇಳುತ್ತಿರುವುದು ಅವಳು ಕಂಡದ್ದು, ಮತ್ತು ಚಿಕ್ಕಬೀರಮ್ಮನ ಬಾಯಿಂದ ಕೇಳಿದ್ದು.

ಗೇಟು ಇದ್ದಲ್ಲಿ ಗಾಡಿ ನಿಲ್ಲುತ್ತದೆ, ಗಾಡಿ ನಿಂತಲ್ಲಿ ವ್ಯಾಪಾರ ಹುಟ್ಟುತ್ತದೆ. ಎತ್ತಿಗೆ ಲಾಳ ಹೊಡೆಯುವ ಸಾಬರು ಒಬ್ಬರು ಹೊಂಗೆ ಮರದ ಕೆಳಗೆ ಇರುತ್ತಿದ್ದರು. ಪಕ್ಕದ ಊರಿನ ನಿಂಗಯ್ಯ ಹುಲ್ಲು, ಹಿಂಡಿ ಮಾರುವ ಅಂಗಡಿ ಹಾಕಿದ್ದ. ಯಾರೂ ದೊಡ್ಡ ಸಾಹುಕಾರರಲ್ಲ, ಆದರೆ ಎಲ್ಲರ ಒಲೆಯೂ ಉರಿಯುತ್ತಿತ್ತು.

ಆಗ ಮೈಸೂರಲ್ಲಿ ಹೊಸ ಕಾಯಿದೆ ಆಯಿತು. ಮೋಟಾರು ಇಟ್ಟುಕೊಂಡವರು ಸರ್ಕಾರಕ್ಕೆ ನೇರವಾಗಿ ತೆರಿಗೆ ಕಟ್ಟಬೇಕು, ರಸ್ತೆಯ ಮೇಲಿನ ಸುಂಕದ ಗೇಟುಗಳನ್ನೆಲ್ಲ ಕಿತ್ತು ಹಾಕಬೇಕು, ಹಳ್ಳಿಯ ಮಾಲು ತಡೆಯಿಲ್ಲದೆ ಪೇಟೆ ಸೇರಿ ಹಳ್ಳಿಗಳು ಉದ್ಧಾರ ಆಗಬೇಕು ಎಂಬುದು ಅದರ ಸಾರ. ಊರೂರಲ್ಲಿ ತಮಟೆ ಹೊಡೆದು ಸಾರಿದರು. ಗಾಡಿಯವರಿಗೆ ಖುಷಿಯೋ ಖುಷಿ. ಒಂದು ದಿನ ಓವರ್‌ಸಿಯರ್ ಆಳುಗಳ ಸಮೇತ ಬಂದು ಮರವನ್ನು ಗರಗಸದಲ್ಲಿ ಕೊಯ್ಸಿ, ತುಂಡುಗಳನ್ನು ಹುಣಸೂರಿಗೆ ಸಾಗಿಸಿದ. ಕವಲುಗೂಟ ಕಿತ್ತು ಗುಣಿಗೆ ಮಣ್ಣು ತುಂಬಿ ದಿಮ್ಮಸು ಹೊಡೆಸಿದ. ಕುಳ್ಳಯ್ಯ ನಿಂತು ನೋಡಿದ. ಆಮೇಲೆ ಹೆಂಡತಿಯ ಹೋಟ್ಲಿಗೆ ಸೌದೆ ಒಡೆಯಲು ಹೋದ.

ಮಾರನೆಯ ದಿನವೇ ಅದು ಶುರುವಾಯಿತು.

ಅಂತರಸಂತೆಯ ದೊಡ್ಡಬೀರಯ್ಯ ಬಿದಿರು ಹೇರಿಕೊಂಡು ಬಂದ. ಗೇಟು ಇದ್ದ ಜಾಗಕ್ಕೆ ಬಂದ ಕೂಡಲೇ ಎತ್ತುಗಳು ನಿಂತವು. ಅವನು ನಕ್ಕ. ರೂಢಿ ಕಣೋ, ಇನ್ನು ಗೇಟಿಲ್ಲ ನಡೀರೋ ಎಂದು ಬಾಲ ಹಿಂಡಿದ. ಎತ್ತುಗಳು ಕದಲಲಿಲ್ಲ. ಬಾರುಕೋಲು ಬೀಸಿದ. ಚರ್ಮ ಅದುರಿತೇ ಹೊರತು ಕಾಲು ಏಳಲಿಲ್ಲ. ಇಳಿದು ಮುಂದೆ ಹೋಗಿ ಮೂಗುದಾರ ಹಿಡಿದು ಎಳೆದ. ಎತ್ತುಗಳು ಕತ್ತು ಹಿಂದಕ್ಕೆ ಹಾಕಿ, ಎದೆಗೆ ಏನೋ ತಗುಲಿದ ಹಾಗೆ ನಿಂತಲ್ಲೇ ಒರಗಿದವು. ದೊಡ್ಡಬೀರಯ್ಯ ಅತ್ತಿಂದಿತ್ತ ದಾಟಿ ಓಡಾಡಿದ. ಅವನಿಗೆ ಏನೂ ತಗುಲಲಿಲ್ಲ.

ಹೋಟ್ಲಿನ ಒಳಗಿಂದ ನೋಡುತ್ತಿದ್ದ ಚಿಕ್ಕಬೀರಮ್ಮ ಗಂಡನಿಗೆ ಹೇಳಿದಳು, "ಓಗಿ ಎತ್ಬುಟ್ಟು ಬನ್ನಿ. ಆ ಮೂಕ ಪ್ರಾಣಿಗೆ ಕಾಯ್ದೆ ಏನ್ ಗೊತ್ತಾದದು?"

ಅವಳು ತಮಾಷೆಗೆ ಅಂದದ್ದು. ಕುಳ್ಳಯ್ಯನೂ ತಮಾಷೆಗೇ ಹೋದ. ಬುಡ ಇದ್ದ ಕಡೆ ನಿಂತು, ಬರಿಯ ಗಾಳಿಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದ. ಎತ್ತುಗಳು ತಲೆ ತಗ್ಗಿಸಿ ನಡೆದುಹೋದವು. ದೊಡ್ಡಬೀರಯ್ಯ ನಗುತ್ತಾ ಓಡಿ ಗಾಡಿ ಹತ್ತಿದ. ಕುಳ್ಳಯ್ಯ ನಗಲಿಲ್ಲ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದ. ಅವನ ಕೈಗೆ ಮರ ಸಿಕ್ಕಿತ್ತು. ಅದನ್ನು ಅವನು ಆವತ್ತು ಯಾರಿಗೂ ಹೇಳಲಿಲ್ಲ.

ಆಮೇಲೆ ಬಂದ ಗಾಡಿಯೂ ನಿಂತಿತು. ಅದರ ಹಿಂದಿನದೂ ನಿಂತಿತು. ಒಂದು ವಾರದೊಳಗೆ ದಾರಿಯವರಿಗೆಲ್ಲ ವಿಷಯ ಗೊತ್ತಾಗಿ, ಗೇಟಿದ್ದ ಕಡೆ ಬಂದು ಕುಳ್ಳಯ್ಯನನ್ನು ಕೂಗುವುದು ಮಾಮೂಲಾಯಿತು. ಓವರ್‌ಸಿಯರ್ ಬಂದು ನೋಡಿ, ವರ್ಷಾನುಗಟ್ಟಲೆ ನಿಂತ ದನ, ರೂಢಿ ತಪ್ಪಲು ದಿನ ಹಿಡಿಯುತ್ತದೆ ಎಂದು ಹೇಳಿ ಹೋದ. ಕೇಳಿದವರಿಗೆ ಅದು ಸರಿ ಎನ್ನಿಸಿತು. ಆದರೆ ಚುಂಚನಕಟ್ಟೆಯ ದನದ ಪರಿಷೆಯಲ್ಲಿ ಹೊಸದಾಗಿ ಕೊಂಡು ತಂದ ಜೋಡಿಯೊಂದು ಆ ದಾರಿಯಲ್ಲಿ ಬಂತು. ಈ ಸೀಮೆಯನ್ನೇ ಕಂಡಿರದ ಎತ್ತುಗಳು. ಅವೂ ಅದೇ ಜಾಗದಲ್ಲಿ, ಅದೇ ಗೆರೆಯ ಮೇಲೆ ನಿಂತವು. ಗಾಡಿಯ ಹಿಂದೆ ಕಟ್ಟಿದ್ದ ಎಳೆಗರು ಕೂಡ ಆ ಜಾಗ ದಾಟುವಾಗ ಕತ್ತು ಬಗ್ಗಿಸಿತು. ಅಂದಿನಿಂದ ರೂಢಿ ಎಂಬ ಮಾತನ್ನು ಯಾರೂ ಆಡಲಿಲ್ಲ.

ಹೆದರಿಕೆ ಇರಲಿಲ್ಲವೇ ಎಂದು ನಾನು ದೊಡ್ಡಮ್ಮನನ್ನು ಕೇಳಿದ್ದೇನೆ. ಇತ್ತಂತೆ, ಆದರೆ ವ್ಯಾಪಾರವೂ ಇತ್ತಂತೆ. ಬೇರೆ ಕಡೆಗಳಲ್ಲಿ ಗೇಟು ಹೋದ ಮೇಲೆ ಗಾಡಿಗಳು ನಿಲ್ಲದೆ ಸಾಗಿ, ಗೇಟಿನ ಬದಿಯ ಹೋಟ್ಲುಗಳು ಬಾಗಿಲು ಹಾಕಿದ್ದವು. ಇಲ್ಲಿ ಮಾತ್ರ ಗಾಡಿ ನಿಲ್ಲುತ್ತಿತ್ತು, ಅದೂ ಮೊದಲಿಗಿಂತ ಹೆಚ್ಚು ಹೊತ್ತು. ನಿಂತವರು ಉಣ್ಣುತ್ತಿದ್ದರು, ಲಾಳ ಹೊಡೆಸುತ್ತಿದ್ದರು, ಹುಲ್ಲು ಕೊಳ್ಳುತ್ತಿದ್ದರು. ಇಲ್ಲದ ಗೇಟನ್ನು ನೋಡಲೆಂದೇ ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬಂದರು. ನಿಂಗಯ್ಯ ಆ ಹೊತ್ತಿಗೆ ಗ್ರಾಮ ಪಂಚಾಯಿತಿಯ ಚೇರ್ಮನ್ ಆಗಿದ್ದ. ಅವನು ಪಂಚಾಯಿತಿಯಿಂದ ಅಲ್ಲಿ ಬಾವಿ ತೋಡಿಸಿ, ದನ ಕಟ್ಟಲು ಚಪ್ಪರ ಹಾಕಿಸಿದ. ಹಳ್ಳಿ ಉದ್ಧಾರ ಎಂದರೆ ಇದೇ ಅಲ್ಲವೇ ಎಂದು ಎಲ್ಲರ ಮುಂದೆ ಹೇಳುತ್ತಿದ್ದ.

ಕುಳ್ಳಯ್ಯ ಮಾತ್ರ ಕರಗುತ್ತಾ ಬಂದ. ಮೊದಲು ಸುಂಕದ ಗುತ್ತಿಗೆದಾರನ ಆಳಾಗಿದ್ದಾಗ ಹಬ್ಬಹರಿದಿನಕ್ಕಾದರೂ ಬದಲಿ ಇರುತ್ತಿದ್ದ. ಈಗ ಬದಲಿ ಇಲ್ಲ. ಬೇರೆ ಯಾರು ಬಂದು ಒತ್ತಿದರೂ ಕೈಗೆ ಏನೂ ಸಿಗುತ್ತಿರಲಿಲ್ಲ, ಎತ್ತು ನಡೆಯುತ್ತಿರಲಿಲ್ಲ. ಒಮ್ಮೆ ತಮ್ಮನ ಮಗಳ ಮದುವೆಗೆಂದು ಕಟ್ಟೆಮಳಲವಾಡಿಗೆ ಹೋಗಿ ಧಾರೆ ಮುಗಿದ ಕೂಡಲೇ ಊಟಕ್ಕೂ ಕೂರದೆ ಹಿಂದಿರುಗಿದ. ಮಧ್ಯಾಹ್ನದ ಬಿಸಿಲು. ದೂರದಿಂದಲೇ ಕಂಡಿತು: ಎರಡೂ ದಿಕ್ಕಿನಲ್ಲಿ ಗಾಡಿಗಳ ಸಾಲು. ಗಾಡಿಯವರೆಲ್ಲ ಮರದ ನೆರಳಲ್ಲಿ ಮಲಗಿದ್ದರು. ಎತ್ತುಗಳು ನೊಗದಡಿಯಲ್ಲೇ ನಿಂತಿದ್ದವು. ಒಂದೂ ಮೆಲುಕು ಹಾಕುತ್ತಿರಲಿಲ್ಲ, ನೊಣ ಕೂತರೂ ಬಾಲ ಆಡಿಸುತ್ತಿರಲಿಲ್ಲ. ಅಷ್ಟು ಎತ್ತುಗಳ ಕಣ್ಣೂ ರಸ್ತೆಯ ಮೇಲೆ, ಆಳೆತ್ತರದಲ್ಲಿ, ಒಂದೇ ಜಾಗವನ್ನು ನೋಡುತ್ತಿದ್ದವು. ಅಲ್ಲಿ ಬಿಸಿಲು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಅಂದಿನಿಂದ ಅವನು ಆ ಜಾಗ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮರ ದಿನದಿನಕ್ಕೆ ಭಾರವಾಗುತ್ತಿದೆ ಎಂದು ಒಂದು ಸಲ ಮಾತ್ರ ಹೆಂಡತಿಗೆ ಹೇಳಿದ. ಅವಳು, ವಯಸ್ಸಾಯಿತಲ್ಲ ಎಂದಳು. ಅವನ ಅಂಗೈ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲವೇನೋ. ಗೇಟು ಇದ್ದಾಗ ಬಿದ್ದಿದ್ದ ಜಡ್ಡು ಕರಗುವ ಬದಲು ದಪ್ಪವಾಗುತ್ತಿತ್ತು.

ಆಷಾಢ ಬಂತು. ಗಾಳಿ ಎದ್ದಿತು. ಕುಳ್ಳಯ್ಯ ಜ್ವರ ಬಂದು ಮಲಗಿದ. ಹೊರಗೆ ಗಾಡಿಗಳು ನಿಂತವು, ಜನ ಕೂಗಿದರು. ಏಳಲು ಹೋಗಿ ಅವನು ಹೊಸ್ತಿಲ ಬಳಿ ಕುಸಿದ. ಚಿಕ್ಕಬೀರಮ್ಮ ಅವನಿಗೆ ಕಂಬಳಿ ಹೊದಿಸಿ, ಸೆರಗು ಸಿಕ್ಕಿಸಿ ತಾನೇ ಹೋದಳು. ಇಷ್ಟು ದಿನ ಅವಳು ಈ ಸಂಗತಿಯನ್ನು ಅರ್ಧ ನಂಬಿದ್ದಳು, ಅರ್ಧ ಗಂಡನ ಅದೃಷ್ಟ ಎಂದುಕೊಂಡಿದ್ದಳು.

ಗಾಳಿಯಲ್ಲಿ ಕೈ ಚಾಚಿದಳು. ಬೇರೆ ಯಾರ ಕೈಗೂ ಸಿಗದಿದ್ದ ಮರ, ಬಿಸಿಲಿಗೆ ಕಾದದ್ದು, ಅವಳ ಅಂಗೈಗೆ ತಾಗಿತು. ಕೈ ಹಿಂದಕ್ಕೆಳೆದುಕೊಳ್ಳಬೇಕು ಎನ್ನಿಸಿದರೂ ಎಳೆದುಕೊಳ್ಳಲಿಲ್ಲ. ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಅದು ಏಳಲಿಲ್ಲ. ಭಾರಕ್ಕಲ್ಲ, ಒತ್ತಿದಷ್ಟೂ ಆಚೆಯಿಂದ ಯಾರೋ ಸಮನಾಗಿ ಹಿಡಿದುಕೊಳ್ಳುತ್ತಿದ್ದರು. ಅವಳು ತಲೆಯೆತ್ತಿ ರಸ್ತೆಯ ಆಚೆ ಬದಿಗೆ ನೋಡಿದಳು. ಕವಲುಗೂಟ ಇದ್ದ ಜಾಗದಲ್ಲಿ, ದೂಳಿನಲ್ಲಿ, ಎರಡು ಹೆಜ್ಜೆಗಳು ಅಚ್ಚೊತ್ತಿದ್ದವು. ಹಿಮ್ಮಡಿ ಊರಿ ನಿಂತವನ ಬರಿಗಾಲ ಹೆಜ್ಜೆಗಳು. ಅವಳು ನೋಡುತ್ತಿದ್ದ ಹಾಗೆಯೇ ಹಿಮ್ಮಡಿಯ ಗುರುತು ಇನ್ನಷ್ಟು ಆಳಕ್ಕೆ ಇಳಿಯಿತು. ಹೆಜ್ಜೆಯ ಮೇಲೆ ಯಾರೂ ಇರಲಿಲ್ಲ.

ಗಾಳಿ ಒಂದು ಗಳಿಗೆ ನಿಂತಿತು. ಹಿಡಿತ ಸಡಿಲವಾಯಿತು. ಎತ್ತುಗಳು ದಾಟಿದವು. ಅವಳು ಒಳಗೆ ಬಂದು ಗಂಡನ ಪಕ್ಕ ಕೂತಳು.

"ಆ ಕಡೆ ಯಾರೋ ಇಡ್ಕೊಂಡವ್ರೆ," ಎಂದಳು.

"ಗೊತ್ತು ಕಣಮ್ಮಿ. ಉಚ್ಚಯ್ಯಣ್ಣ."

ಆಗ ಅವನು ಎಲ್ಲವನ್ನೂ ಹೇಳಿದ. ಹುಚ್ಚಯ್ಯ ಕುಳ್ಳಯ್ಯನಿಗಿಂತ ಮೊದಲು ಆ ಗೇಟನ್ನು ಕಾಯುತ್ತಿದ್ದವನು. ಕೇರಳದ ಗಡಿಯ ಹತ್ತಿರದ ಎನ್. ಬೇಗೂರಿನವನು. ಕುಳ್ಳಯ್ಯ ಮೊದಲು ಬಂದದ್ದು ಅವನ ಕೈಕೆಳಗೆ. ಆಷಾಢದ ಗಾಳಿಯಲ್ಲಿ ಮರ ಕುಣಿಯುತ್ತಿತ್ತು. ಎತ್ತಿನ ಕೊಂಬಿಗೋ ಗಾಡಿಯವನ ತಲೆಗೋ ಬಡಿಯುತ್ತಿತ್ತು. ಅದಕ್ಕೆ ಇಬ್ಬರು ಬೇಕು: ಒಬ್ಬ ಬುಡದಲ್ಲಿ, ಒಬ್ಬ ತುದಿಯಲ್ಲಿ. ಬುಡದವನು 'ಬುಡು' ಅನ್ನುವ ತನಕ ತುದಿಯವನು ಮರ ಬಿಡಬಾರದು. ಹುಚ್ಚಯ್ಯ ಯಾವಾಗಲೂ ತುದಿಯಲ್ಲಿ ನಿಲ್ಲುತ್ತಿದ್ದ, ಅದೇ ಅಪಾಯದ ಕಡೆ ಎಂದು. ಹೀಗೇ ಒಂದು ಆಷಾಢದ ಮಧ್ಯಾಹ್ನ ಮರ ಹಿಡಿದುಕೊಂಡೇ ಕವಲುಗೂಟಕ್ಕೆ ಒರಗಿ ಪ್ರಾಣ ಬಿಟ್ಟ. ತೂಕಡಿಸುತ್ತಿದ್ದಾನೆ ಎಂದುಕೊಂಡು ಗಾಡಿಯವರು ಸುಮ್ಮನೆ ಕಾದರು. ಹೆಣವನ್ನು ಬೇಗೂರಿಗೆ ಗಾಡಿಯಲ್ಲಿ ಕಳಿಸಿದ್ದೂ ಆಯಿತು, ಮಣ್ಣಾದದ್ದೂ ಆಯಿತು.

"ಮತ್ತೆ ಓಗಿಲ್ವಾ ಅವ್ರು?"

"ಓಗು ಅಂತ ಯಾರು ಏಳಿದ್ರು? ನಂಗೆ ಓವರ್‌ಸಿಯರು ಬಂದು ಏಳಿದ್ರು. ಊರೋರ್ಗೆ ತಮಟೆ ಒಡ್ದು ಏಳಿದ್ರು. ಅವ್ನಿಗೆ ಯಾರೂ ಏಳ್ಲಿಲ್ಲ. ಗೇಟು ಐತೆ ಅಂತ್ಲೇ ಇಡ್ಕೊಂಡವ್ನೆ."

ತಾನೇ ಎಷ್ಟೋ ಸಲ ಹೇಳಿ ನೋಡಿದ್ದನಂತೆ. ಆದರೆ ಹುಚ್ಚಯ್ಯ ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಕೈಕೆಳಗಿನವನ ಮಾತು ಕೇಳಿ ಗೇಟು ಬಿಟ್ಟು ಹೋಗುವವನಲ್ಲ. ಸರ್ಕಾರದ ಮಾತು ಸರ್ಕಾರದವರ ಬಾಯಿಂದಲೇ ಬರಬೇಕು.

ಜ್ವರ ಇಳಿದ ಮೇಲೆ ಕುಳ್ಳಯ್ಯ ಚೇರ್ಮನ್ ನಿಂಗಯ್ಯನ ಮನೆಗೆ ಹೋಗಿ, ಗೇಟಿದ್ದ ಜಾಗದಲ್ಲಿ ಪಂಚಾಯಿತಿಯ ವತಿಯಿಂದ ಒಂದು ಸಲ ತಮಟೆ ಹೊಡೆಸಿ ಕಾಯಿದೆ ಸಾರಿಸಿಕೊಡಿ ಎಂದು ಕೇಳಿಕೊಂಡ. ನಿಂಗಯ್ಯ ಕೆಟ್ಟವನಲ್ಲ. ಆದರೆ ಬಾವಿ, ಚಪ್ಪರ, ಅಂಗಡಿಗಳು ಎಲ್ಲವೂ ಅವನ ಕಣ್ಣಮುಂದೆ ಬಂದವು. ಎತ್ತು ನಿಲ್ಲದಿದ್ದರೆ ಆ ಜಾಗ ಮತ್ತೆ ಬರಿ ಕುರುಚಲು.

"ಕಾಯ್ದೆ ಗೇಟ್ ತೆಗೀತು, ತೆಗೆದದ್ದಾಯ್ತು," ಎಂದ. "ನಿಲ್ಲೋ ಎತ್ತು ನಿಲ್ಬಾರ್ದು ಅಂತ ಕಾಯ್ದೇಲಿ ಎಲ್ಲೈತೆ ಏಳು ಕುಳ್ಳಯ್ಯ?"

ಕುಳ್ಳಯ್ಯ ವಾಪಸು ಬಂದು ಮತ್ತೆ ಬುಡದಲ್ಲಿ ನಿಂತ.

ಆ ವರ್ಷವೇ ಹುಣಸೂರಿನ ಒಬ್ಬರು ಪರ್ಮಿಟ್ಟು ಪಡೆದು ಹೆಗ್ಗಡದೇವನಕೋಟೆಯ ರಸ್ತೆಗೆ ಒಂದು ಬಸ್ಸು ಬಿಟ್ಟಿದ್ದರು. ಎಂಜಿನ್ನಿಗೆ ಏನೂ ಕಾಣುವುದಿಲ್ಲವಲ್ಲ, ಬಸ್ಸು ಗೇಟಿನ ಜಾಗವನ್ನು ನಿಲ್ಲದೆ ದಾಟುತ್ತಿತ್ತು. ಆದರೆ ದಾಟುವಾಗ ಒಳಗೆ ಕೂತವರೆಲ್ಲ ಒಟ್ಟಿಗೆ ತಲೆ ಬಗ್ಗಿಸುತ್ತಿದ್ದರು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಮಗುವಿಗೆ ಮೊಲೆ ಕೊಡುತ್ತಿದ್ದವಳು ಮಗುವನ್ನು ಮರೆಮಾಡಿ, ನಿದ್ದೆಯಲ್ಲಿದ್ದವರೂ ಸಹ ಬಗ್ಗಿ, ಆಮೇಲೆ ಏಳುತ್ತಿದ್ದರು. ಯಾಕೆ ಬಗ್ಗಿದಿರಿ ಎಂದು ಆಮೇಲೆ ಬಸ್ಸಿಳಿದವರನ್ನು ಕೇಳಿದರೆ, ನಾವೆಲ್ಲಿ ಬಗ್ಗಿದೆವು ಎನ್ನುತ್ತಿದ್ದರು.

ನಿಂಗಯ್ಯ ಒಂದು ದಿನ ಹುಣಸೂರಿಗೆ ಹೋಗಲು ಆ ಬಸ್ಸು ಹತ್ತಿದ. ಡ್ರೈವರನ ಪಕ್ಕದಲ್ಲೇ ಕೂತ. ಆವತ್ತು ಗಾಳಿ ಹೊಂಗೆ ಮರಗಳನ್ನು ನೆಲಕ್ಕೆ ಬಗ್ಗಿಸುತ್ತಿತ್ತು. ಗೇಟಿದ್ದ ಕಡೆ ಬಂದಾಗ ಎಲ್ಲರೂ ಬಗ್ಗಿದರು. ಡ್ರೈವರನೂ ಬಗ್ಗಿದ, ಆದರೆ ಆವತ್ತು ಬೇಗ ಏಳಲಿಲ್ಲ. ಬಸ್ಸು ರಸ್ತೆ ಬಿಟ್ಟು ಚರಂಡಿಗಿಳಿದು ಒಂದು ಹೊಂಗೆ ಮರಕ್ಕೆ ಒರಗಿ ನಿಂತಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನಿಂಗಯ್ಯ ಕೆಳಗಿಳಿದು ತಲೆ ಮುಟ್ಟಿ ನೋಡಿಕೊಂಡ. ಪೇಟ ಇರಲಿಲ್ಲ. ಅದು ಬಸ್ಸಿನ ಒಳಗೂ ಇರಲಿಲ್ಲ. ಹಿಂದೆ, ರಸ್ತೆಯ ನಡುಮಧ್ಯೆ, ಗೇಟಿದ್ದ ಗೆರೆಯ ಮೇಲೆ ಬಿದ್ದಿತ್ತು.

ಚಿಕ್ಕಬೀರಮ್ಮ ಅದನ್ನು ಎತ್ತಿ, ದೂಳು ಕೊಡವಿ ಅವನ ಕೈಗೆ ಕೊಟ್ಟಳು.

"ಗೌಡ್ರೇ, ಈ ಜಾಗದಲ್ಲಿ ನಿಮ್ಗಿಂತ ಜಾಸ್ತಿ ದುಡ್ದೋಳು ನಾನು," ಎಂದಳು. "ನನ್ನ ಒಲೆ ಆರೋದಾದ್ರೆ ಆರ್ಲಿ. ಆ ಮುದುಕ್ನ ಬುಡ್ಸಿ."

ನಿಂಗಯ್ಯ ಪೇಟವನ್ನು ತಲೆಗೆ ಇಡದೆ ಕೈಯಲ್ಲೇ ಹಿಡಿದುಕೊಂಡು, ತಮಟೆಯ ತಳವಾರನಿಗೆ ಹೇಳಲು ಊರಿಗೆ ವಾಪಸು ನಡೆದ. ಮರದ ತೊಗಟೆ ತನ್ನ ಕೂದಲನ್ನು ಸವರಿಕೊಂಡು ಹೋದದ್ದು ಅವನಿಗೆ ನೆನಪಿತ್ತು ಎಂದು ಆಮೇಲೆ ಯಾರ ಹತ್ತಿರವೋ ಹೇಳಿದನಂತೆ.

ಎರಡು ದಿನದ ಮೇಲೆ ಉರಿ ಬಿಸಿಲಲ್ಲಿ ಎಲ್ಲರೂ ಸೇರಿದರು. ತಳವಾರ ತಮಟೆ ಕಾಯಿಸಿಕೊಂಡು ಬಂದ. ಯಾವ ಕಡೆ ಮುಖ ಮಾಡಿ ಸಾರಬೇಕು ಎಂಬುದು ಅವನಿಗೆ ತಿಳಿಯಲಿಲ್ಲ. ಕುಳ್ಳಯ್ಯ ಆಚೆ ಬದಿ ತೋರಿಸಿದ. ಜನ ಹೋಟ್ಲಿನ ಕಡೆಯೇ ಉಳಿದರು. ಆ ಬದಿಗೆ ಯಾರೂ ಹೋಗಲಿಲ್ಲ. ಗಾಡಿ ಒಂದು ಆಗಲೇ ಬಂದು ನಿಂತಿತ್ತು. ನಿಂಗಯ್ಯ ಪಂಚಾಯಿತಿ ಚೇರ್ಮನ್ನನ ಗತ್ತಿನಲ್ಲಿ ಕೋಟು ತೊಟ್ಟು ಮುಂದೆ ನಿಂತು ತಲೆಯಾಡಿಸಿದ. ತಮಟೆ ಮೊಳಗಿತು.

"ಕೇಳ್ರಪ್ಪೋ ಕೇಳಿ. ಮಾಸ್ವಾಮಿಯೋರ ಸರ್ಕಾರದ ಕಾಯ್ದೆ. ಈ ರಸ್ತೇಲಿ ಸುಂಕ ಇಲ್ಲ, ಗೇಟಿಲ್ಲ. ಗೇಟು ಕಾಯೋರು ಕೆಲ್ಸ ಬುಟ್ಟು ಅವ್ರವ್ರ ಮನೆಗೆ ಓಗ್ಬೋದು."

ಕೊನೆಯ ಮಾತನ್ನು ನಿಂಗಯ್ಯನೇ ಸೇರಿಸಿ ಹೇಳಿಸಿದ್ದ. ತಮಟೆ ನಿಂತ ಮೇಲೆ ಕುರುಚಲಿನಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಏನೂ ಆಗಲಿಲ್ಲ. ಎತ್ತುಗಳು ಹಾಗೇ ನಿಂತಿದ್ದವು. 

ಕುಳ್ಳಯ್ಯ ಬುಡಕ್ಕೆ ಹೋಗಿ ಅಂಗೈ ಇಟ್ಟ. ಮೈ ಬಗ್ಗಿಸಿ ಒತ್ತಿದ. ಕತ್ತಿನ ನರಗಳು ಎದ್ದವು. ಆಮೇಲೆ ಆಚೆ ಬದಿಗೆ ನೋಡುತ್ತಾ, ಎಷ್ಟೋ ಆಷಾಢಗಳಲ್ಲಿ ಹೇಳುತ್ತಿದ್ದ ಹಾಗೆ, ಮೆಲ್ಲಗೆ ಹೇಳಿದ.

"ಬುಡಣ್ಣ."

ಹಗ್ಗ ಹರಿದಂತೆ ಅವನ ಕೈ ಕೆಳಕ್ಕೆ ಹೋಯಿತು. ಮುಖ ಅಡಿಯಾಗಿ ದೂಳಿನಲ್ಲಿ ಬಿದ್ದ. ಎತ್ತುಗಳು ಕೊರಳಗಂಟೆ ಆಡಿಸುತ್ತಾ ದಾಟಿದವು. ಅವನು ಎದ್ದು, ಗಾಳಿಯಲ್ಲಿ ಅತ್ತಿತ್ತ ಕೈಯಾಡಿಸಿ ಹುಡುಕಿದ. ಏನೂ ಸಿಗಲಿಲ್ಲ. ಚಿಕ್ಕಬೀರಮ್ಮ ಆಚೆ ಬದಿಗೆ ಓಡಿದಳು. ಊರಿ ನಿಂತ ಹೆಜ್ಜೆಗಳ ಮುಂದೆ ಇನ್ನೊಂದು ಹೆಜ್ಜೆ ಮೂಡಿತ್ತು, ಅದರ ಮುಂದೆ ಮತ್ತೊಂದು, ಹೆಗ್ಗಡದೇವನಕೋಟೆಯ ಕಡೆಗೆ, ಬೇಗೂರಿನ ದಾರಿಯಲ್ಲಿ. ಅವಳು ಜೊತೆಯಲ್ಲೇ ಸ್ವಲ್ಪ ದೂರ ಹೋದಳು. ಗಟ್ಟಿ ನೆಲ ಬಂದಲ್ಲಿ ಗುರುತು ಮುಗಿಯಿತು.

ಆಮೇಲೆ ಅಲ್ಲಿ ಯಾವ ಎತ್ತೂ ನಿಲ್ಲಲಿಲ್ಲ. ಕಾಯಿದೆ ಬೇರೆಲ್ಲ ಕಡೆ ಮಾಡಿದ್ದನ್ನು ಇಲ್ಲಿಯೂ ಮಾಡಿತು. ಗಾಡಿಗಳು ಸಾಗಿ ಹೋದವು. ಲಾಳದ ಸಾಬರು ಹುಣಸೂರಿಗೆ ಹೊರಟರು. ನಿಂಗಯ್ಯನ ಅಂಗಡಿಯ ಚಪ್ಪರವನ್ನು ಗೆದ್ದಲು ತಿಂದಿತು. ಬಾವಿ ಮಾತ್ರ ದನ ಕಾಯುವವರಿಗೆ ಉಪಯೋಗಕ್ಕೆ ಬಂತು. ಚಿಕ್ಕಬೀರಮ್ಮ ಒಂದು ಸುಗ್ಗಿಯವರೆಗೆ ಕಾದು ನೋಡಿ, ಪಾತ್ರೆಗಳನ್ನು ಕಟ್ಟಿಕೊಂಡು ಹುಣಸೂರಿನಲ್ಲಿ ಬಸ್ಸು ನಿಲ್ಲುವ ಕಡೆ ಹೋಟ್ಲು ಹಾಕಿದಳು. ಬಸ್ಸಿನವರು ಮುದ್ದೆ ಕೇಳುವುದಿಲ್ಲ, ಕಾಫಿ ಕೇಳುತ್ತಾರೆ. ಅದನ್ನೂ ಕಲಿತಳು. ಕುಳ್ಳಯ್ಯ ರಸ್ತೆಗೆ ಜಲ್ಲಿ ಹಾಕುವ ಗ್ಯಾಂಗು ಸೇರಿದ. ಚೆನ್ನಾಗಿ ನಿದ್ದೆ ಮಾಡುತ್ತಿದ್ದನಂತೆ. ಹೆಂಡತಿಗೆ ಅದೊಂದು ಸಮಾಧಾನವಾಗಿತ್ತು.

ಹುಣಸೂರಿಗೆ ಹೋಗುವ ಮೊದಲು ಅವನು ಬೇಗೂರಿಗೆ ಹೋಗಿ ಬಂದ. ಅಂತರಸಂತೆಯವರೆಗೆ ದೊಡ್ಡಬೀರಯ್ಯನ ಗಾಡಿಯಲ್ಲಿ ಕೂತು ಹೋಗಿ, ಅಲ್ಲಿಂದ ಕಾಡುದಾರಿಯಲ್ಲಿ ನಡೆದ. ಹುಚ್ಚಯ್ಯನ ಮಗಳು ಪುಟ್ಟಸಿದ್ದಮ್ಮ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಅವನು ಯಾರೆಂದು ಹೇಳಿದ ಮೇಲೆ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಅವನು ಏನನ್ನೂ ಕೇಳುವ ಮೊದಲೇ ಅವಳೇ ಹೇಳಿದಳು. ಆಷಾಢದಲ್ಲಿ ಒಂದು ದಿನ, ದನ ಮನೆಗೆ ಬರುವ ಹೊತ್ತಿಗೆ, ಬಾಗಿಲಲ್ಲಿ ಅಡ್ಡ ಮಲಗಿದ್ದ ನಾಯಿ ಬೊಗಳದೆ ಎದ್ದು ದಾರಿ ಬಿಟ್ಟಿತಂತೆ. ಒಳಗೆ ಗೋಡೆ ಪಕ್ಕ ಹಾಸಿದ್ದ ಕಂಬಳಿ, ಯಾರೋ ಕೂತ ಹಾಗೆ ತಗ್ಗಾಯಿತಂತೆ. ಅವಳಿಗೆ ಹೆದರಿಕೆ ಆಗಲಿಲ್ಲವಂತೆ. ದಣಿದು ಬಂದವರಿಗೆ ಇಡುವ ಹಾಗೆ ಒಂದು ಚೊಂಬು ನೀರು ತಂದು ಇಟ್ಟಳಂತೆ.

ಕುಡಿದರಾ ಎಂದು ಕುಳ್ಳಯ್ಯ ಕೇಳಿದ.

"ನೀರು ಇದ್ದಂಗೇ ಇತ್ತು ಕಣಣ್ಣ," ಎಂದಳು. "ಬೆಳಿಗ್ಗೆ ಚೆಲ್ಲಾಕೆ ಓದೆ. ತಳದಲ್ಲಿ ಒಂದು ಬೆರಳು ರಸ್ತೆ ದೂಳು ಕೂತಿತ್ತು."

ಕುಳ್ಳಯ್ಯ ಆ ಚೊಂಬು ಯಾವುದು ಎಂದು ಕೇಳಲಿಲ್ಲ. ಅವಳು ಚೊಂಬಿನಲ್ಲಿ ಕೊಟ್ಟ ಮಜ್ಜಿಗೆ ಕುಡಿದು, ಕಂಬಳಿ ಹಾಸಿದ್ದ ಕಡೆ ನೋಡದೆ ಎದ್ದು, ಬಿಸಿಲು ಇಳಿಯುವ ಮೊದಲೇ ಕಾಡು ದಾಟಿದ.